“ಅದೇ ಆಧಾರದ ಮೇಲೆ”: ಮದ್ಯವ್ಯಸನದ ಚಿಕಿತ್ಸೆ, ವಿಮೆಯ ನಿರಾಕರಣೆ ಮತ್ತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ

ದೈಹಿಕ ಕಾಯಿಲೆಯ ಚಿಕಿತ್ಸೆಗೆ ವೈದ್ಯಕೀಯ ವಿಮೆಯು ಯಾವ ಆಧಾರದ ಮೇಲೆ ದೊರೆಯುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಪ್ರತಿಯೊಂದು ವಿಮಾ ಸಂಸ್ಥೆಯು ವಿಮೆಯ ಏರ್ಪಾಡು ಮಾಡತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮಿನ ನಾಲ್ಕನೆಯ ಉಪಕಲಮು ವಿಧಿಸುತ್ತದೆ. ಈ ಉಪಕಲಮಿನ ಬಗ್ಗೆ ನಡೆದಿರುವ ಚರ್ಚೆಯಲ್ಲಿ ಒಂದು ನಿಲುವು ಬಹುಮಟ್ಟಿಗೆ ನೆಲೆಗೊಂಡಿದೆ: ಪಾಲಿಸಿಗಳಲ್ಲಿದ್ದ “ಮನೋರೋಗಕ್ಕೆ ವಿಮೆ ಇಲ್ಲ” ಎಂಬ ಷರತ್ತು ತೆಗೆದುಹಾಕಲ್ಪಟ್ಟಿರುವುದರಿಂದ ಕಾನೂನಿನ ಪ್ರಶ್ನೆ ಇತ್ಯರ್ಥವಾಗಿದೆ, ಇನ್ನು ಉಳಿದಿರುವುದು ಜಾರಿಯ ಪ್ರಶ್ನೆ ಮಾತ್ರ ಎಂಬುದು ಆ ನಿಲುವು. ಇದು ಅರ್ಧ ಮಾತ್ರ ಸರಿ ಎಂದು ಪ್ರಸ್ತುತ ಲೇಖನವು ವಾದಿಸುತ್ತದೆ. ಮದ್ಯ ಮತ್ತು ಮಾದಕವಸ್ತುಗಳ ವ್ಯಸನಕ್ಕೆ ನೀಡುವ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಇಂದಿಗೂ ಪಾಲಿಸಿಗಳಲ್ಲಿ ಉಳಿದಿದೆ. ಅದು ವಿಮಾ ಸಂಸ್ಥೆಗಳು ತಾವಾಗಿ ಬರೆದುಕೊಂಡದ್ದಲ್ಲ, ನಿಯಂತ್ರಣ ಪ್ರಾಧಿಕಾರವೇ ಮಾದರಿಯಾಗಿ ಒದಗಿಸಿರುವ ಷರತ್ತು ಎಂಬುದರಿಂದ ಅದರ ಸಿಂಧುತ್ವವನ್ನು ಪ್ರಶ್ನಿಸುವ ಗೋಜಿಗೆ ಹೆಚ್ಚಿನವರು ಹೋಗಿಲ್ಲ.

ಹಿನ್ನೆಲೆಯು ತಿಳಿದದ್ದೇ ಆದುದರಿಂದ ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕಾಯ್ದೆಯು 2018ರಲ್ಲಿ ಜಾರಿಗೆ ಬಂದ ಮೇಲೆ, ಅದೇ ವರ್ಷದ ಆಗಸ್ಟ್ 16ರಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಈ ಉಪಕಲಮನ್ನು ಪಾಲಿಸುವಂತೆ ಎಲ್ಲ ವಿಮಾ ಸಂಸ್ಥೆಗಳಿಗೆ ಸುತ್ತೋಲೆ ಕಳುಹಿಸಿತು. 2019ರ ಸೆಪ್ಟೆಂಬರ್ 27ರ ಮಾರ್ಗಸೂಚಿಗಳಲ್ಲಿ, ಮಾನಸಿಕ ಕಾಯಿಲೆಯನ್ನಾಗಲಿ ಮಾನಸಿಕ ಒತ್ತಡವನ್ನಾಗಲಿ ಹೊರಗಿಡುವಂತಿಲ್ಲ ಎಂದು ಹೇಳಿ, ಹಳೆಯ ಪಾಲಿಸಿಗಳನ್ನು ಇದಕ್ಕೆ ಹೊಂದಿಸಿಕೊಳ್ಳಲು 2020ರ ಅಕ್ಟೋಬರ್ 1ರವರೆಗೆ ಕಾಲಾವಕಾಶ ಕೊಟ್ಟಿತು. ಇಷ್ಟಾದ ಮೇಲೂ 2022ರ ಅಕ್ಟೋಬರ್ 18ರಂದು ಪ್ರಾಧಿಕಾರವು ಅದೇ ತಿಂಗಳ ಕೊನೆಯ ಗಡುವಿನೊಂದಿಗೆ ಮತ್ತೊಮ್ಮೆ ಆದೇಶ ಹೊರಡಿಸಬೇಕಾಯಿತೆಂಬುದೇ ನಡುವಿನ ವರ್ಷಗಳಲ್ಲಿ ಏನಾಯಿತೆಂಬುದಕ್ಕೆ ಸಾಕ್ಷಿ. ನ್ಯಾಯಾಲಯಗಳ ಪೈಕಿ ದೆಹಲಿ ಉಚ್ಚ ನ್ಯಾಯಾಲಯವು 2021ರ ಏಪ್ರಿಲ್ 19ರಂದು ನೀಡಿದ ತೀರ್ಪು ಮುಖ್ಯವಾದುದು. ಸ್ಕಿಜೋಅಫೆಕ್ಟಿವ್ ಕಾಯಿಲೆಗೆ, ಅಂದರೆ ಭ್ರಮೆ, ಭ್ರಾಂತಿಗಳ ಜೊತೆಗೆ ಮನಃಸ್ಥಿತಿಯ ತೀವ್ರ ಏರಿಳಿತವೂ ಕೂಡಿರುವ ಕಾಯಿಲೆಗೆ, ಚಿಕಿತ್ಸೆ ಪಡೆದ ಮಹಿಳೆಯೊಬ್ಬರ ಕ್ಲೇಮನ್ನು ಹೊರಗಿಡುವ ಷರತ್ತಿನ ಆಧಾರದ ಮೇಲೆ ತಿರಸ್ಕರಿಸಿದ್ದನ್ನು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರ ಪೀಠವು ಒಪ್ಪಲಿಲ್ಲ. ಕಾಯ್ದೆ ಜಾರಿಗೆ ಬಂದ ದಿನದಿಂದಲೇ ವಿಮಾ ಸಂಸ್ಥೆಗಳ ಹೊಣೆ ಆರಂಭವಾಗುತ್ತದೆಂದೂ ಮುಂದಿನ ವಿಳಂಬಕ್ಕೆ ಸಮರ್ಥನೆ ಇಲ್ಲವೆಂದೂ ಹೇಳಿತು. ಮೂವತ್ತೈದು ಲಕ್ಷ ರೂಪಾಯಿಯ ಪಾಲಿಸಿಯಲ್ಲಿ ಮಾನಸಿಕ ಕಾಯಿಲೆಗೆ ಮಾತ್ರ ಐವತ್ತು ಸಾವಿರದ ಮಿತಿ ಹಾಕಿದ್ದ ಪ್ರಕರಣವೂ ಅದೇ ನ್ಯಾಯಾಲಯದ ಮುಂದೆ ಬಂದಿತು.

ಇಷ್ಟರ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ವಿವಾದವಿರುವುದು 2019ರ ಅದೇ ಮಾರ್ಗಸೂಚಿಗಳ ಇನ್ನೊಂದು ಭಾಗದಲ್ಲಿ. ಹೊರಗಿಡುವಿಕೆಗಳು ಒಂದೊಂದು ಪಾಲಿಸಿಯಲ್ಲಿ ಒಂದೊಂದು ಮಾತಿನಲ್ಲಿದ್ದು ಗ್ರಾಹಕರನ್ನು ಗೊಂದಲಕ್ಕೀಡುಮಾಡುತ್ತಿದ್ದ ಕಾರಣ, ಪ್ರಾಧಿಕಾರವು ಅವುಗಳಿಗೆ ಏಕರೂಪದ ಒಕ್ಕಣೆಯನ್ನೂ ಸಂಕೇತಸಂಖ್ಯೆಯನ್ನೂ ನೀಡಿತು. ಅವುಗಳಲ್ಲಿ ಹನ್ನೆರಡನೆಯದು, ಪಾಲಿಸಿಗಳಲ್ಲಿ “ಎಕ್ಸ್‌ಸಿಎಲ್12” ಎಂದು ಅಚ್ಚಾಗುವುದು, ಮದ್ಯವ್ಯಸನ, ಮಾದಕವಸ್ತುಗಳ ದುರ್ಬಳಕೆ ಅಥವಾ ಬೇರಾವುದೇ ವ್ಯಸನದ ಸ್ಥಿತಿಯ ಚಿಕಿತ್ಸೆಯನ್ನೂ ಅವುಗಳ ಪರಿಣಾಮಗಳನ್ನೂ ವಿಮೆಯಿಂದ ಹೊರಗಿಡುತ್ತದೆ. ಹೀಗಾಗಿ ಇಂದು ಮಾರಾಟವಾಗುವ ಹಲವು ಪಾಲಿಸಿಗಳ ಆರಂಭದ ಪುಟಗಳಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯೆಯನ್ನು ಕಾಯ್ದೆಯಿಂದ ಅಕ್ಷರಶಃ ಎತ್ತಿ ಕೊಟ್ಟಿರುತ್ತದೆ. ಕೆಲವು ಪುಟಗಳ ನಂತರ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಆ ವ್ಯಾಖ್ಯೆಯ ಒಂದು ಭಾಗವನ್ನು ಹಿಂದಕ್ಕೆ ಪಡೆದಿರುತ್ತದೆ. ಏಕೆಂದರೆ ಕಾಯ್ದೆಯ 2ನೆಯ ಕಲಮಿನಲ್ಲಿರುವ ವ್ಯಾಖ್ಯೆಯು ಯೋಚನೆ, ಮನಃಸ್ಥಿತಿ, ಗ್ರಹಿಕೆ, ಸ್ಥಳಕಾಲಗಳ ಅರಿವು ಮತ್ತು ನೆನಪು ಇವುಗಳ ಗಣನೀಯ ಏರುಪೇರನ್ನು ಹೇಳಿದ ಮೇಲೆ, ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಸ್ಪಷ್ಟವಾದ ಮಾತಿನಲ್ಲಿ ಒಳಗೊಳ್ಳುತ್ತದೆ.

ಈ ಸೇರ್ಪಡೆಯು ಆಕಸ್ಮಿಕವಲ್ಲ ಎಂಬುದನ್ನು ಹಿಂದಿನ ಕಾಯ್ದೆಯೊಡನೆ ಹೋಲಿಸಿದಾಗ ಕಾಣಬಹುದು. 1987ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ವ್ಯಸನದ ಉಲ್ಲೇಖವಿರಲಿಲ್ಲ. ಮದ್ಯ ಅಥವಾ ಮಾದಕವಸ್ತುಗಳ ಚಟಕ್ಕೆ ಒಳಗಾದವರಿಗೆ ಪ್ರತ್ಯೇಕ ಆಸ್ಪತ್ರೆಗಳನ್ನು ಸ್ಥಾಪಿಸಬಹುದೆಂದು ಹೇಳುವಲ್ಲಿ ಮಾತ್ರ ಅವರ ಹೆಸರು ಬರುತ್ತಿತ್ತು. ಮೂವತ್ತು ವರ್ಷಗಳ ನಂತರ ಸಂಸತ್ತು ಆ ಮಾತನ್ನು ಆಸ್ಪತ್ರೆಗಳ ವರ್ಗೀಕರಣದಿಂದ ತೆಗೆದು ಕಾಯಿಲೆಯ ವ್ಯಾಖ್ಯೆಯೊಳಕ್ಕೆ ತಂದಿತೆಂದರೆ, ಆ ವ್ಯಾಖ್ಯೆಯ ಮೇಲೆ ನಿಂತಿರುವ ಎಲ್ಲ ಹಕ್ಕುಗಳೂ, ವಿಮೆಯ ಹಕ್ಕೂ ಸೇರಿದಂತೆ, ಅವರಿಗೆ ಸಲ್ಲಬೇಕೆಂದು ಓದುವುದೇ ಸಹಜವಾದ ಓದು.

ಇದಕ್ಕೆ ಎದುರಾಗಿ ಮೂರು ವಾದಗಳನ್ನು ಹೂಡಲು ಸಾಧ್ಯವಿದೆ. ಮೊದಲನೆಯದು ಪದಗಳಿಗೆ ಸಂಬಂಧಿಸಿದ್ದು: ದುರ್ಬಳಕೆಗೆ “ಸಂಬಂಧಿಸಿದ ಮಾನಸಿಕ ಸ್ಥಿತಿ” ಎಂದರೆ ಕುಡಿತದಿಂದ ಹುಟ್ಟುವ ಸನ್ನಿ, ಭ್ರಾಂತಿ, ಮರೆವು ಮೊದಲಾದವು ಮಾತ್ರ, ಕುಡಿತದ ಚಟವೇ ಅಲ್ಲ ಎಂಬುದು. ಈ ವಾದವು ವೈದ್ಯಕೀಯ ವರ್ಗೀಕರಣದ ಎದುರು ನಿಲ್ಲುವುದಿಲ್ಲ. ಮಾನಸಿಕ ಕಾಯಿಲೆಯನ್ನು ನಿರ್ಧರಿಸುವಾಗ ರಾಷ್ಟ್ರೀಯವಾಗಿ ಅಥವಾ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಮಾನದಂಡಗಳನ್ನು ಅನುಸರಿಸಬೇಕೆಂದು ಕಾಯ್ದೆಯ 3ನೆಯ ಕಲಮು ಹೇಳುತ್ತದೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವನ್ನು ಹೆಸರಿಸುತ್ತದೆ. ಆ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಮದ್ಯದ ಅವಲಂಬನೆಯು, ಎಂದರೆ ಬಿಡಬೇಕೆಂದರೂ ಬಿಡಲಾಗದೆ, ಬಿಟ್ಟಾಗ ಮೈನಡುಕ, ನಿದ್ರಾಹೀನತೆಗಳಿಗೆ ಈಡಾಗುವ ಸ್ಥಿತಿಯು, ಎಫ್10.2 ಎಂಬ ಸಂಕೇತದಡಿ ಮಾನಸಿಕ ಮತ್ತು ವರ್ತನೆಯ ಕಾಯಿಲೆಗಳ ಅಧ್ಯಾಯದಲ್ಲೇ ಇದೆ. ಹನ್ನೊಂದನೆಯ ಆವೃತ್ತಿಯೂ ಅದನ್ನು ಅಲ್ಲಿಂದ ಕದಲಿಸಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯಬಳಕೆಯ ಕಾಯಿಲೆಯನ್ನು ಮಾನಸಿಕ ಕಾಯಿಲೆಗಳ ಜೊತೆಗೇ ಎಣಿಸಿ, ಅಂಥವರಲ್ಲಿ ಶೇ. 86ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ಕಂಡುಕೊಂಡಿತ್ತು.

ಎರಡನೆಯ ವಾದವು ನಿಯಂತ್ರಣ ಪ್ರಾಧಿಕಾರದ ಅಧಿಕಾರವನ್ನು ಆಧರಿಸಿದ್ದು. ಮಾರ್ಗಸೂಚಿಯು ಕಾಯ್ದೆಗಿಂತ ಈಚಿನದು, ವಿಮೆಯ ವಿಷಯದಲ್ಲಿ ಪರಿಣತಿಯುಳ್ಳ ಶಾಸನಬದ್ಧ ಸಂಸ್ಥೆಯಿಂದ ಬಂದದ್ದು, ಆದ್ದರಿಂದ ಅದನ್ನು ಪಾಲಿಸಿದ ಕಂಪನಿಯನ್ನು ದೂರುವಂತಿಲ್ಲ ಎಂಬುದು ಇದರ ಸಾರ. ಆದರೆ ಕಾಯ್ದೆಯ 120ನೆಯ ಕಲಮು ಬೇರೆ ಕಾನೂನುಗಳ ಮೇಲಷ್ಟೇ ಅಲ್ಲದೆ, ಬೇರೆ ಕಾನೂನುಗಳ ಬಲದಿಂದ ಜಾರಿಯಲ್ಲಿರುವ ದಸ್ತಾವೇಜುಗಳ ಮೇಲೂ ಈ ಕಾಯ್ದೆಗೆ ಮೇಲುಗೈ ಕೊಡುತ್ತದೆ; ಮಾರ್ಗಸೂಚಿಯೆಂಬುದು ಅಂಥ ದಸ್ತಾವೇಜೇ ಸರಿ. ಇಲ್ಲಿ ದೆಹಲಿಯ ತೀರ್ಪಿನ ತರ್ಕವೂ ನೆರವಿಗೆ ಬರುತ್ತದೆ. ಉಪಕಲಮಿನ ಜಾರಿಯನ್ನು ಒಂದೆರಡು ವರ್ಷ ಮುಂದೂಡುವುದಕ್ಕೂ ಪ್ರಾಧಿಕಾರದ ಕ್ರಮಗಳು ಆಧಾರವಾಗುವುದಿಲ್ಲವೆಂದಾದರೆ, ಅದರ ವ್ಯಾಪ್ತಿಯಿಂದ ಒಂದು ಕಾಯಿಲೆಯನ್ನು ಶಾಶ್ವತವಾಗಿ ಕಡಿದುಹಾಕುವುದಕ್ಕೆ ಅವು ಹೇಗೆ ಆಧಾರವಾದಾವು? ಆ ತೀರ್ಪಿನಲ್ಲಿ ವ್ಯಸನದ ಪ್ರಶ್ನೆ ಉದ್ಭವಿಸಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲವಾದರೂ, ಅದರ ತರ್ಕವನ್ನು ಇಲ್ಲಿಗೆ ವಿಸ್ತರಿಸಲು ಅಡ್ಡಿ ಕಾಣುವುದಿಲ್ಲ.

ಮೂರನೆಯ ವಾದವೇ ನಿಜವಾಗಿ ಗಟ್ಟಿಯಾದುದು; ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ಹನ್ನೆರಡನೆಯ ಷರತ್ತು ವ್ಯಸನವನ್ನಷ್ಟೇ ಅಲ್ಲ, ಅದರ ಪರಿಣಾಮಗಳನ್ನೂ ಹೊರಗಿಡುತ್ತದೆ. ಕುಡಿತದಿಂದ ಯಕೃತ್ತು ಕೆಟ್ಟು ಸಿರೋಸಿಸ್ ಬಂದವನಿಗೂ ವಿಮೆ ಸಿಗುವುದಿಲ್ಲ, ಮೇದೋಜೀರಕ ಗ್ರಂಥಿಯ ಊತ ಬಂದವನಿಗೂ ಸಿಗುವುದಿಲ್ಲ. ಹಾಗಿರುವಾಗ ದೈಹಿಕ ಕಾಯಿಲೆಗೂ ಮಾನಸಿಕ ಕಾಯಿಲೆಗೂ ಒಂದೇ ಅಳತೆಗೋಲನ್ನು ಬಳಸಿದಂತಾಯಿತಲ್ಲವೆ, “ಅದೇ ಆಧಾರದ ಮೇಲೆ” ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಅರ್ಥವೇನಿದೆ ಎಂದು ವಿಮಾ ಸಂಸ್ಥೆಗಳ ಪರವಾಗಿ ಕೇಳಬಹುದು.

ಮೇಲ್ನೋಟದ ಈ ಸಮಾನತೆಯು ಷರತ್ತು ಎರಡೂ ಕಡೆ ಮಾಡುವ ಕೆಲಸವನ್ನು ಬಿಡಿಸಿ ನೋಡಿದಾಗ ಉಳಿಯುವುದಿಲ್ಲ. ಯಕೃತ್ತಿನ ಸಿರೋಸಿಸ್ ಎಂಬ ಕಾಯಿಲೆಗೆ ಪಾಲಿಸಿಯಲ್ಲಿ ವಿಮೆ ಇದೆ. ಕಾಮಾಲೆಯ ವೈರಸ್ಸಿನಿಂದಲೋ ಬೊಜ್ಜಿನಿಂದಲೋ ಬಂದ ಸಿರೋಸಿಸ್ಸಿಗೆ ಹಣ ಸಂದಾಯವಾಗುತ್ತದೆ. ಷರತ್ತು ಅಲ್ಲಿ ಕಾರಣಗಳನ್ನು ಜರಡಿ ಹಿಡಿದು ಒಂದು ಕಾರಣವನ್ನಷ್ಟೇ ಹೊರಗೆ ಚೆಲ್ಲುತ್ತದೆ. ಮದ್ಯದ ಅವಲಂಬನೆಯ ವಿಷಯದಲ್ಲಿ ಜರಡಿಯಲ್ಲಿ ಉಳಿಯುವುದು ಏನೂ ಇಲ್ಲ, ಏಕೆಂದರೆ ಮದ್ಯವಿಲ್ಲದ ಮದ್ಯಾವಲಂಬನೆ ಇರಲಾರದು. ಅಂದರೆ ಒಂದೇ ವಾಕ್ಯವು ದೇಹದ ಕಡೆ ಕಾರಣವನ್ನು ಹೊರಗಿಡುತ್ತದೆ, ಮನಸ್ಸಿನ ಕಡೆ ಕಾಯಿಲೆಯನ್ನೇ ಹೊರಗಿಡುತ್ತದೆ. ಅದೂ ಸಂಸತ್ತು ಹೆಸರು ಹಿಡಿದು ಒಳಗೆ ತಂದ ಕಾಯಿಲೆಯನ್ನು. ಇದಲ್ಲದೆ, ಸ್ವಂತ ನಡವಳಿಕೆಯ ಪಾತ್ರವಿದೆ ಎಂಬ ಕಾರಣಕ್ಕೆ ಮಧುಮೇಹದ ಚಿಕಿತ್ಸೆಯನ್ನಾಗಲಿ ಹೃದಯಾಘಾತದ ಚಿಕಿತ್ಸೆಯನ್ನಾಗಲಿ ಪೂರ್ತಿಯಾಗಿ ಹೊರಗಿಡುವ ಪದ್ಧತಿ ಪಾಲಿಸಿಗಳಲ್ಲಿ ಇಲ್ಲ. ಆಹಾರದ ಅತಿಯನ್ನು ಮನ್ನಿಸುವ ವಿಮೆಯು ಕುಡಿತವನ್ನು ಮಾತ್ರ ತಪ್ಪೆಂದು ಎಣಿಸುವುದರ ಹಿಂದೆ ವಿಮಾಗಣಿತಕ್ಕಿಂತ ಹಳೆಯದಾದ ನೈತಿಕ ತೀರ್ಮಾನವೊಂದು ಅಡಗಿದೆ. ಕಾಯ್ದೆಯು ತೊಡೆದುಹಾಕಲು ಹೊರಟದ್ದು ಇಂಥ ತೀರ್ಮಾನವನ್ನೇ.

ಹಾಗಾಗಿ ಹನ್ನೆರಡನೆಯ ಷರತ್ತು, ವ್ಯಸನಕಾಯಿಲೆಯ ಚಿಕಿತ್ಸೆಯನ್ನು ಹೊರಗಿಡುವ ಮಟ್ಟಿಗೆ, 21(4)ನೆಯ ಉಪಕಲಮಿಗೆ ವಿರುದ್ಧವಾದುದೆಂದು ಹೇಳಬೇಕಾಗುತ್ತದೆ. ಈ ಮಾತಿನ ಎಲ್ಲೆಗಳನ್ನೂ ಗುರುತಿಸುವುದು ಅಗತ್ಯ. ಕುಡಿದು ವಾಹನ ನಡೆಸಿ ಆದ ಅಪಘಾತದ ಕ್ಲೇಮಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಚಿಕಿತ್ಸೆ ನಡೆಯುವುದು ಗಾಯಕ್ಕೆ, ಮಾನಸಿಕ ಕಾಯಿಲೆಗಲ್ಲ. ಸಿರೋಸಿಸ್ಸಿನಂಥ ದೈಹಿಕ ಪರಿಣಾಮಗಳಿಗೂ ಈ ವಾದ ನೇರವಾಗಿ ಅನ್ವಯಿಸುವುದಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ವಿಧಿಸುವ ಕಾಯುವ ಅವಧಿಯನ್ನು, 2024ರ ನಿಯಮಗಳ ಪ್ರಕಾರ ಅದು ಹೆಚ್ಚೆಂದರೆ 36 ತಿಂಗಳು, ವ್ಯಸನಕ್ಕೂ ವಿಧಿಸಬಹುದು. ಎಲ್ಲ ಕಾಯಿಲೆಗಳಿಗೂ ಅನ್ವಯಿಸುವ ತತ್ತ್ವದಂತೆ ಹೆಚ್ಚಿನ ಕಂತನ್ನು ಪಡೆಯುವುದಕ್ಕೂ ಅಡ್ಡಿಯಿಲ್ಲವೆಂದು ತೋರುತ್ತದೆ.

ಷರತ್ತಿನ ಸಿಂಧುತ್ವವನ್ನು ಒಂದು ವೇಳೆ ಒಪ್ಪಿದರೂ ಅದರ ಬಳಕೆಯಲ್ಲಿ ಇನ್ನೊಂದು ಅನ್ಯಾಯ ಉಳಿಯುತ್ತದೆ. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ ರೋಗಿಯ ಕೇಸ್‌ಶೀಟಿನಲ್ಲಿ ವೈದ್ಯರು ವಾಡಿಕೆಯಂತೆ ಊಟ, ನಿದ್ರೆ, ಹೊಗೆಸೊಪ್ಪು, ಮದ್ಯ ಎಲ್ಲವನ್ನೂ ವಿಚಾರಿಸಿ ಬರೆದಿರುತ್ತಾರೆ. ಡಿಸ್ಚಾರ್ಜ್ ಸಮ್ಮರಿಗೆ ಬರುವ ಹೊತ್ತಿಗೆ ಅದು “ಎಂಟು ವರ್ಷಗಳಿಂದ ಮದ್ಯಸೇವನೆ” ಎಂಬ ಒಂದು ಸಾಲಾಗಿರುತ್ತದೆ. ಕಡತವನ್ನು ಪರಿಶೀಲಿಸುವ ಟಿಪಿಎ, ಎಂದರೆ ಕಂಪನಿಯ ಪರವಾಗಿ ಕ್ಲೇಮುಗಳನ್ನು ನಿರ್ವಹಿಸುವ ಮಧ್ಯವರ್ತಿ ಸಂಸ್ಥೆ, ಆ ಸಾಲನ್ನು ಹಿಡಿದು ಇಡೀ ಖಿನ್ನತೆಯನ್ನು ವ್ಯಸನದ “ಪರಿಣಾಮ” ಎಂದು ಗಣಿಸಿಬಿಡುವುದುಂಟು. ಇಲ್ಲಿ ಎರಡು ಜಿಗಿತಗಳಿವೆ: ಸೇವನೆಯಿಂದ ವ್ಯಸನಕ್ಕೆ ಒಂದು, ವ್ಯಸನದಿಂದ ಖಿನ್ನತೆಗೆ ಇನ್ನೊಂದು. ಖಿನ್ನತೆಯ ಸಂಕಟವನ್ನು ತಾಳಲಾರದೆ ಕುಡಿತಕ್ಕೆ ಇಳಿದವರೂ ಇರುತ್ತಾರೆಂಬುದನ್ನು ಮನೋವೈದ್ಯರು ಬಲ್ಲರು. ಯಾವುದು ಮೊದಲು ಬಂತೆಂಬುದನ್ನು ತಿಳಿಯಲು ಮದ್ಯ ಬಿಟ್ಟ ಮೇಲೆ ಕೆಲವು ವಾರಗಳ ಕಾಲ ರೋಗಿಯನ್ನು ಗಮನಿಸಬೇಕಾಗುತ್ತದೆ, ಕಡತ ನೋಡಿ ಹೇಳುವುದು ಸಾಧ್ಯವಿಲ್ಲ. ಸಂದಿಗ್ಧವಾದ ಷರತ್ತನ್ನು ಅದನ್ನು ಬರೆದ ವಿಮಾ ಸಂಸ್ಥೆಯ ವಿರುದ್ಧವಾಗಿಯೇ ಅರ್ಥೈಸಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1966ರಷ್ಟು ಹಿಂದೆಯೇ ಒಪ್ಪಿದೆ. ಹೊರಗಿಡುವ ಷರತ್ತು ಅನ್ವಯಿಸುತ್ತದೆಂದು ರುಜುವಾತುಪಡಿಸುವ ಹೊಣೆ ವಿಮಾ ಸಂಸ್ಥೆಯದೇ ಎಂದು 2023ರಲ್ಲೂ ಹೇಳಿದೆ. ಆದ್ದರಿಂದ ನಿರಾಕರಣೆಯನ್ನು ಪ್ರಶ್ನಿಸುವವರು ಮೊದಲು ಕೇಳಬೇಕಾದದ್ದು ಕಾರ್ಯಕಾರಣ ಸಂಬಂಧದ ಪುರಾವೆಯನ್ನು. ಜೊತೆಗೆ, ಚಿಕಿತ್ಸೆ ನೀಡಿದ ಮನೋವೈದ್ಯರಿಂದ ಖಿನ್ನತೆಯು ಸ್ವತಂತ್ರವಾದ ಕಾಯಿಲೆಯೆ ಎಂಬುದರ ಬಗ್ಗೆ ಲಿಖಿತ ಅಭಿಪ್ರಾಯವನ್ನು ಪಡೆಯುವುದು ಉಪಯುಕ್ತ.

ಪ್ರಶ್ನಿಸುವ ದಾರಿಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಟ್ಟು, ಅದು ತಿರಸ್ಕೃತವಾದರೆ ಅಥವಾ ತಿಂಗಳೊಳಗೆ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು; ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ, ವಕೀಲರಾಗಲಿ ಶುಲ್ಕವಾಗಲಿ ಬೇಕಿಲ್ಲ, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ಆದರೆ ಓಂಬುಡ್ಸ್‌ಮನ್ ಆಗಲಿ ಗ್ರಾಹಕ ಆಯೋಗವಾಗಲಿ ಪಾಲಿಸಿಯ ಮಾತುಗಳನ್ನು ಅರ್ಥೈಸುವ ಮಟ್ಟದಲ್ಲಿ ನಿಲ್ಲುವುದು ಸಹಜವಾದುದರಿಂದ, ಪ್ರಾಧಿಕಾರದ ಮಾದರಿ ಷರತ್ತನ್ನೇ ಕಾಯ್ದೆಯ ಎದುರಿಟ್ಟು ತೂಗುವ ಕೆಲಸಕ್ಕೆ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವೇ ತಕ್ಕದ್ದು.

ಷರತ್ತು ಬಿದ್ದುಹೋದರೂ ಬಗೆಹರಿಯದ ಪ್ರಶ್ನೆಯೊಂದಿದೆ. ಕಾನೂನಿನಡಿ ಆಸ್ಪತ್ರೆಯಾಗಿ ನೋಂದಣಿಯಾಗಿರದ ಸಂಸ್ಥೆಯನ್ನು ಪಾಲಿಸಿಗಳು ಆಸ್ಪತ್ರೆಯೆಂದು ಒಪ್ಪಬೇಕಾದರೆ ಅಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ 10, ಉಳಿದೆಡೆ 15 ಹಾಸಿಗೆಗಳಿರಬೇಕು, ದಿನವಿಡೀ ದಾದಿಯರಿರಬೇಕು, ಸ್ವಂತದ್ದಾದ ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿಯೂ ಇರಬೇಕು. ವ್ಯಸನಮುಕ್ತಿ ಕೇಂದ್ರಕ್ಕೆ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಆಗಬೇಕಾದ್ದೇನೂ ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 65ನೆಯ ಕಲಮಿನಡಿ ಪಡೆದ ನೋಂದಣಿಯೊಂದೇ ಅಂಥ ಕೇಂದ್ರವನ್ನು ಪಾಲಿಸಿಯ ಅರ್ಥದಲ್ಲಿ “ಆಸ್ಪತ್ರೆ”ಯನ್ನಾಗಿ ಮಾಡುತ್ತದೆಯೆ ಎಂಬುದು ಪ್ರತ್ಯೇಕವಾದ ಪರಿಶೀಲನೆಯನ್ನು ಬೇಡುತ್ತದೆ. “ಅದೇ ಆಧಾರ” ಎಂಬ ಮಾತು ಕಾಯಿಲೆಗಷ್ಟೇ ಅಲ್ಲದೆ ಚಿಕಿತ್ಸೆ ನಡೆಯುವ ಸ್ಥಳಕ್ಕೂ ಅನ್ವಯಿಸುತ್ತದೆಯೆ ಎಂಬುದರ ಮೇಲೆ ಅದರ ಉತ್ತರ ನಿಂತಿದೆ.