ನೆನಪಿಸುವ ಕರೆ, ಜೊತೆಗಿರುವ ಜೀವ: ಎಚ್‌ಐವಿ ಸೋಂಕಿತ ಯುವಜನರ ಆರೋಗ್ಯ ಮತ್ತು ಸಾಮಾಜಿಕ ಬೆಂಬಲ

ಪೀಠಿಕೆ

ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧಗಳ, ಭಾರತ ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ 2004ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಹುಟ್ಟಿನಿಂದಲೇ ಸೋಂಕು ತಗುಲಿ, ಈ ಚಿಕಿತ್ಸೆಯಿಂದ ಉಳಿದ ಎಷ್ಟೋ ಮಕ್ಕಳು ಇಂದು ಕಾಲೇಜು ಓದುತ್ತಿದ್ದಾರೆ, ಕೆಲಸಕ್ಕೆ ಹೋಗುತ್ತಿದ್ದಾರೆ. ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ ಸಾಕು. ಆದರೂ ಹದಿಹರೆಯದಲ್ಲೂ ಅದರ ನಂತರದ ವರ್ಷಗಳಲ್ಲೂ ಮಾತ್ರೆ ತಪ್ಪುವುದು ಸಾಮಾನ್ಯ. ಮರೆವೊಂದೇ ಇದಕ್ಕೆ ಕಾರಣವಲ್ಲ. ಹಾಸ್ಟೆಲ್ ಕೋಣೆಯಲ್ಲಿ ಡಬ್ಬಿ ಅಲುಗಿದರೆ ಮಾತ್ರೆಗಳು ಸದ್ದು ಮಾಡುತ್ತವೆ. ಮೇಲಿನ ಚೀಟಿ ಯಾರದೋ ಕಣ್ಣಿಗೆ ಬೀಳುತ್ತದೆ. ಚೀಟಿ ಕಿತ್ತು, ಒಳಗೆ ಹತ್ತಿ ತುರುಕಿ, ಉಳಿದವರು ಮಲಗಲೆಂದು ಕಾಯುತ್ತಲೇ ನಿದ್ದೆಹೋಗುವವರಿದ್ದಾರೆ. ಇಂಥವರಿಗೆ ಯಾವ ಬಗೆಯ ಬೆಂಬಲ ನೆರವಾಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಎರಡು ಪ್ರಯೋಗಗಳು

ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ, ಚಿಕಿತ್ಸೆ ಆಗಷ್ಟೇ ಆರಂಭಿಸಿದ 631 ವಯಸ್ಕರ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗದ ವರದಿ 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೊಬೈಲಿನಲ್ಲಿ ವಾರವಾರವೂ ಸ್ವಯಂಚಾಲಿತ ಧ್ವನಿಕರೆ ಮತ್ತು ಚಿತ್ರಸಂದೇಶ ಹೋಗುತ್ತಿದ್ದವು. ಎರಡು ವರ್ಷದ ಕೊನೆಗೆ ಚಿಕಿತ್ಸೆಯ ವೈಫಲ್ಯದಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಜಿಂಬಾಬ್ವೆಯ ಬಿಂದೂರಾ ಮತ್ತು ಶಾಮ್ವಾ ಜಿಲ್ಲೆಗಳ 16 ಚಿಕಿತ್ಸಾಲಯಗಳಲ್ಲಿ ನಡೆದ ಜ್ವಾಂದಿರಿ ಪ್ರಯೋಗದ ಹಾದಿ ಬೇರೆ. ಇಲ್ಲಿ 13ರಿಂದ 19 ವರ್ಷದ ಸೋಂಕಿತರಿಗೆ ಬೆಂಬಲವಾಗಿ ನಿಂತವರು 18ರಿಂದ 24 ವರ್ಷದ, ತಾವೂ ಸೋಂಕಿನೊಂದಿಗೆ ಬದುಕುತ್ತಿರುವ ತರಬೇತಿ ಪಡೆದ ಯುವಜನರು. ಅವರು ಮನೆಗೆ ಹೋದರು, ಗುಂಪುಸಭೆ ಸೇರಿಸಿದರು, ಫೋನಿನಲ್ಲೂ ವಿಚಾರಿಸಿದರು. ಪೋಷಕರಿಗೂ ಪ್ರತ್ಯೇಕ ಸಭೆಗಳಿದ್ದವು. 96 ವಾರಗಳ ನಂತರ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಮಿ.ಲೀ.ಗೆ 1000 ಪ್ರತಿಗಳು ಅಥವಾ ಹೆಚ್ಚಿದ್ದವರು ಮತ್ತು ಮೃತಪಟ್ಟವರು ಒಟ್ಟಾಗಿ ಈ ಬೆಂಬಲ ಪಡೆದ ಗುಂಪಿನಲ್ಲಿ ಶೇ 25. ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ 36.

ಚರ್ಚೆ

ಈ ಎರಡನ್ನು ನೇರವಾಗಿ ತೂಗುವಂತಿಲ್ಲ: ವಯಸ್ಸು, ದೇಶ, ಚಿಕಿತ್ಸೆಯ ಹಂತ ಎಲ್ಲವೂ ಬೇರೆ. ಆದರೂ ಒಂದು ಸಂಗತಿ ಗಮನಾರ್ಹ. ಜ್ವಾಂದಿರಿಯಲ್ಲೂ ಫೋನು ಬಳಕೆಯಾಯಿತು. ಆದರೆ ಅದರ ಆ ತುದಿಯಲ್ಲಿ ಪರಿಚಯದ ದನಿಯಿತ್ತು. ಧ್ವನಿಕರೆ ಮಾತ್ರೆಯ ಹೊತ್ತನ್ನು ತಿಳಿಸಬಲ್ಲದು. ಯಾರೆದುರು ನುಂಗಲಿ, ಗೆಳತಿಗೆ ಹೇಗೆ ಹೇಳಲಿ ಎಂಬ ಅಳುಕಿಗೆ ಅದರಲ್ಲಿ ಉತ್ತರವಿಲ್ಲ. ಅದೇ ಮಾತ್ರೆ ನುಂಗಿ ಬೆಳೆದ ಅಕ್ಕನೋ ಅಣ್ಣನೋ ಆ ಉತ್ತರ ಕೊಡಬಲ್ಲರು. ಹಾಗೆಂದು ಬೆಂಬಲವೊಂದೇ ಸಾಲದು: ಜ್ವಾಂದಿರಿ ಗುಂಪಿನಲ್ಲೂ ನಾಲ್ವರಲ್ಲಿ ಒಬ್ಬರಿಗೆ ಫಲ ಸಿಗಲಿಲ್ಲ. ಬಡತನ, ಹೆತ್ತವರ ಅಗಲಿಕೆ, ಔಷಧಕ್ಕೆ ಬಗ್ಗದ ವೈರಸ್ ಇವುಗಳಿಗೆ ಪ್ರತ್ಯೇಕ ಪರಿಹಾರ ಬೇಕು.

ಉಪಸಂಹಾರ

ಜ್ವಾಂದಿರಿ ಮಾದರಿಯನ್ನು ಕರ್ನಾಟಕಕ್ಕೆ ಹಾಗೆಯೇ ತರಲಾಗದು. ನಮ್ಮ ಓಣಿಗಳಲ್ಲಿ ಅಪರಿಚಿತರು ಪದೇ ಪದೇ ಮನೆಗೆ ಬಂದರೆ ಅದೇ ಗುಟ್ಟು ಬಯಲು ಮಾಡೀತು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿತರ ಗೋಪ್ಯತೆಗೆ ರಕ್ಷಣೆ ಕೊಟ್ಟಿದೆ. ಆದ್ದರಿಂದ ಭೇಟಿಯ ಜಾಗ, ಹೊತ್ತು ಎರಡನ್ನೂ ಆ ಯುವಕ ಯುವತಿಯರೇ ಆರಿಸಬೇಕು. ಎಆರ್‌ಟಿ ಕೇಂದ್ರಗಳಲ್ಲಿ ಆಪ್ತಸಮಾಲೋಚಕರ ಜೊತೆಗೆ ಸೋಂಕಿನೊಂದಿಗೆ ಬದುಕುತ್ತಿರುವ ಯುವಜನರನ್ನೂ ತರಬೇತಿ ಕೊಟ್ಟು, ಸಂಬಳಕ್ಕೆ ನೇಮಿಸಬೇಕು. ಬೆಂಬಲವೂ ಚಿಕಿತ್ಸೆಯೇ, ಔಷಧಕ್ಕೆ ಹಣ ತೆಗೆದಿಡುವ ಬಜೆಟ್ಟಿನಲ್ಲಿ ಅದಕ್ಕೂ ಪಾಲು ಸಲ್ಲಬೇಕು.