ಗರ್ಭಿಣಿಗೆ ಎಚ್‌ಐವಿ ಚಿಕಿತ್ಸೆ: ಹುಟ್ಟುವ ಮಗುವಿಗೆ ಎಷ್ಟು ಸುರಕ್ಷಿತ?

ಎಚ್‌ಐವಿ ಸೋಂಕಿರುವ ಗರ್ಭಿಣಿಯ ಮನಸ್ಸಿನಲ್ಲಿ ಎರಡು ಭಯಗಳು ಒಟ್ಟಿಗೇ ಮನೆ ಮಾಡಿರುತ್ತವೆ. ತನ್ನ ಸೋಂಕು ಮಗುವಿಗೂ ತಗಲುವುದೇ ಎಂಬುದು ಮೊದಲನೆಯದು. ಸೋಂಕು ತಡೆಯಲೆಂದು ನುಂಗುವ ಗುಳಿಗೆಯೇ ಮಗುವಿಗೆ ಕೇಡು ಮಾಡೀತೇ ಎಂಬುದು ಎರಡನೆಯದು. ಎರಡನೆಯ ಭಯಕ್ಕೆ ಒಳಗಾಗಿ ಯಾರಿಗೂ ತಿಳಿಸದೆ ಗುಳಿಗೆ ನಿಲ್ಲಿಸಿದರೆ, ಮೊದಲನೆಯ ಭಯ ನಿಜವಾಗುವ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಈ ಔಷಧಿಗಳ ಸುರಕ್ಷತೆಯ ಬಗ್ಗೆ ವೈದ್ಯವಿಜ್ಞಾನ ಇದುವರೆಗೆ ಕಂಡುಕೊಂಡದ್ದು ಏನು ಎಂಬುದನ್ನು ಪ್ರತಿ ಕುಟುಂಬವೂ ತಿಳಿದಿರುವುದು ಅಗತ್ಯ.

ಸೋಂಕು ಮಗುವಿಗೆ ದಾಟುವುದು ಹೇಗೆ?

ತಾಯಿಯಿಂದ ಮಗುವಿಗೆ ಎಚ್‌ಐವಿ ಮೂರು ಹಂತಗಳಲ್ಲಿ ದಾಟಬಹುದು: ಗರ್ಭದಲ್ಲಿರುವಾಗ, ಹೆರಿಗೆಯ ಸಮಯದಲ್ಲಿ ಮತ್ತು ಎದೆಹಾಲು ಉಣಿಸುವಾಗ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರಿಣಾಮಕಾರಿ ಚಿಕಿತ್ಸೆಯಿಂದ ಈ ಪ್ರಮಾಣವನ್ನು ಶೇ. 5ಕ್ಕಿಂತ ಕೆಳಗೆ ಇಳಿಸಬಹುದು. ಗರ್ಭ ಧರಿಸುವ ಮೊದಲೇ ಚಿಕಿತ್ಸೆ ಆರಂಭಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದಿರುವ ತಾಯಂದಿರಲ್ಲಿ ಗರ್ಭದಲ್ಲಾಗಲಿ ಹೆರಿಗೆಯಲ್ಲಾಗಲಿ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ. 1ಕ್ಕಿಂತಲೂ ಕಡಿಮೆ.

ಔಷಧಿ ಇಲ್ಲಿ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ತಾಯಿಯ ದೇಹದಲ್ಲಿ ವೈರಾಣು ವೃದ್ಧಿಯಾಗುವುದನ್ನು ತಡೆದು ಅದರ ಸಂಖ್ಯೆಯನ್ನು ತಗ್ಗಿಸುವುದು ಒಂದು. ಮಾಸು (ಪ್ಲಾಸೆಂಟಾ) ದಾಟಿ ಮಗುವಿನ ರಕ್ತವನ್ನು ಸೇರಿ, ಹುಟ್ಟುವ ಗಳಿಗೆಯಲ್ಲಿಯೇ ಅದಕ್ಕೆ ರಕ್ಷಣೆ ಒದಗಿಸುವುದು ಇನ್ನೊಂದು. ಔಷಧಿಯು ಮಗುವನ್ನು ತಲುಪುತ್ತದೆ ಎಂಬುದೇ ಅದರ ಶಕ್ತಿಯೂ ಹೌದು, ಅದರ ಸುರಕ್ಷತೆಯನ್ನು ಕುರಿತ ಪ್ರಶ್ನೆಗೆ ಮೂಲವೂ ಹೌದು.

ನಡೆದು ಬಂದ ದಾರಿ

1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕ್ಷೇತ್ರದ ಮೊದಲ ಮೈಲಿಗಲ್ಲು. ಗರ್ಭಿಣಿಗೂ ನವಜಾತ ಶಿಶುವಿಗೂ ಜಿಡೋವುಡಿನ್ ಔಷಧಿ ನೀಡಿದಾಗ ಮಗುವಿಗೆ ಸೋಂಕು ತಗಲುವ ಪ್ರಮಾಣ ಶೇ. 25.5ರಿಂದ ಶೇ. 8.3ಕ್ಕೆ ಇಳಿಯಿತು. ಹೆರಿಗೆ ನೋವು ಆರಂಭವಾದಾಗ ತಾಯಿಗೆ ಒಂದು ನೆವಿರಾಪಿನ್ ಗುಳಿಗೆ ಮತ್ತು ಹುಟ್ಟಿದ ಮಗುವಿಗೆ ಒಂದು ಬಾರಿ ಅದೇ ಔಷಧಿ ನೀಡಿದರೆ ಸೋಂಕು ಸುಮಾರು ಅರ್ಧದಷ್ಟು ತಗ್ಗುತ್ತದೆ ಎಂಬುದನ್ನು 1999ರಲ್ಲಿ ಉಗಾಂಡದ ಅಧ್ಯಯನ ತೋರಿಸಿತು. ಅಗ್ಗವೂ ಸುಲಭವೂ ಆದ ಈ ವಿಧಾನವನ್ನೇ ಭಾರತದ ಸರಕಾರಿ ಆಸ್ಪತ್ರೆಗಳೂ ಹಲವು ವರ್ಷ ಅನುಸರಿಸಿದವು. ಆದರೆ ಒಂದೇ ಗುಳಿಗೆಯಿಂದ ತಾಯಿಯಲ್ಲಿರುವ ವೈರಾಣು ಆ ಔಷಧಿಗೆ ಬಗ್ಗದಂತೆ ಮಾರ್ಪಡುವ ತೊಂದರೆ ಇತ್ತು.

ಹೀಗಾಗಿ ಗರ್ಭಿಣಿಯರಿಗೆ ಮೂರು ಔಷಧಿಗಳ ಸಂಯುಕ್ತ ಚಿಕಿತ್ಸೆ ನೀಡುವ ಕ್ರಮವನ್ನು ಸೆಪ್ಟೆಂಬರ್ 2012ರಲ್ಲಿ ಕರ್ನಾಟಕ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಆರಂಭಿಸಲಾಯಿತು. ಜನವರಿ 2014ರಿಂದ, ಸೋಂಕಿರುವ ಎಲ್ಲ ಗರ್ಭಿಣಿಯರಿಗೂ ಜೀವನಪರ್ಯಂತ ಚಿಕಿತ್ಸೆ ನೀಡುವ ನೀತಿಯನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಜಾರಿಗೆ ತಂದಿತು.

ಔಷಧಿ ಮತ್ತು ಸಂಶಯಗಳು

ಯಾವ ಔಷಧಿಯೂ ಸಂಪೂರ್ಣ ನಿರಪಾಯಕಾರಿ ಎಂದು ಹೇಳಲಾಗದು. ಕೆಲವು ಸಂಶಯಗಳು ನಿಜವೆಂದು ಸಿದ್ಧವಾದವು, ಕೆಲವು ಸುಳ್ಳಾದವು.

ಸ್ಟಾವುಡಿನ್ ಮತ್ತು ಡಿಡನೋಸಿನ್: ಈ ಎರಡನ್ನೂ ಒಟ್ಟಿಗೆ ಸೇವಿಸಿದ ಕೆಲವು ಗರ್ಭಿಣಿಯರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅತಿಯಾಗಿ ಹೆಚ್ಚಿ ಸಾವು ಸಂಭವಿಸಿದ್ದರಿಂದ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ನೀಡಿತು. ಇವು ಇಂದು ಬಳಕೆಯಲ್ಲಿಲ್ಲ.

ಜಿಡೋವುಡಿನ್: ತಾಯಿ ಮತ್ತು ಶಿಶು ಇಬ್ಬರಲ್ಲಿಯೂ ರಕ್ತಹೀನತೆ ಉಂಟುಮಾಡಬಹುದು. ಶಿಶುವಿನಲ್ಲಿ ಇದು ಸಾಮಾನ್ಯವಾಗಿ ಸೌಮ್ಯವಾಗಿದ್ದು, ಔಷಧಿ ಮುಗಿದ ನಂತರ ಸರಿಹೋಗುತ್ತದೆ.

ಎಫಾವಿರೆಂಜ್: ಕೋತಿಗಳ ಮೇಲಿನ ಪ್ರಯೋಗದಲ್ಲಿ ಮರಿಗಳಲ್ಲಿ ಅಂಗವೈಕಲ್ಯ ಕಂಡುಬಂದ ಕಾರಣ ಮೊದಲ ಮೂರು ತಿಂಗಳು ಇದನ್ನು ನೀಡಬಾರದೆಂಬ ನಿಯಮವಿತ್ತು. ಸಾವಿರಾರು ಹೆರಿಗೆಗಳ ಮಾಹಿತಿ ಒಟ್ಟುಗೂಡಿಸಿದಾಗ ಮನುಷ್ಯರಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. 2012ರ ವೇಳೆಗೆ ವಿಶ್ವ ಆರೋಗ್ಯ ಸಂಸ್ಥೆ ಈ ನಿರ್ಬಂಧವನ್ನು ಕೈಬಿಟ್ಟಿತು.

ಡೊಲುಟೆಗ್ರಾವಿರ್: ಇಂದು ಭಾರತದಲ್ಲಿ ಗರ್ಭಿಣಿಯರಿಗೂ ನೀಡುವ ಮುಖ್ಯ ಗುಳಿಗೆಯಲ್ಲಿ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಜೊತೆಗೆ ಇರುವುದು ಇದೇ. 2018ರಲ್ಲಿ ಆಫ್ರಿಕದ ಬೋಟ್ಸ್ವಾನಾದಿಂದ ಆತಂಕದ ವರದಿ ಬಂದಿತ್ತು. ಗರ್ಭಧಾರಣೆಯ ಸಮಯದಲ್ಲಿ ಈ ಔಷಧಿ ಸೇವಿಸುತ್ತಿದ್ದವರ 426 ಹೆರಿಗೆಗಳಲ್ಲಿ 4 ಮಕ್ಕಳಿಗೆ ಮಿದುಳು ಅಥವಾ ಬೆನ್ನುಹುರಿ ಸರಿಯಾಗಿ ರೂಪುಗೊಳ್ಳದ ದೋಷವಿತ್ತು. ಅನೇಕ ದೇಶಗಳು ಹೆಣ್ಣುಮಕ್ಕಳಿಗೆ ಇದನ್ನು ನೀಡಲು ಹಿಂಜರಿದವು. ಆದರೆ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. 2019ರಲ್ಲಿ 1,683 ಹೆರಿಗೆಗಳಲ್ಲಿ 5 ಎಂದಾಯಿತು, ಅಂದರೆ ಶೇ. 0.30. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗರ್ಭಿಣಿಯರೂ ಸೇರಿದಂತೆ ಎಲ್ಲರಿಗೂ ಶಿಫಾರಸು ಮಾಡಿತು. 2022ರ ಹೊತ್ತಿಗೆ 9 ಸಾವಿರಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕದಲ್ಲಿ ಈ ಪ್ರಮಾಣ ಶೇ. 0.11ಕ್ಕೆ ಇಳಿದು, ಇತರ ಔಷಧಿ ಸೇವಿಸಿದವರಿಗಿಂತ ಭಿನ್ನವಾಗಿಲ್ಲ ಎಂಬುದು ಖಚಿತವಾಯಿತು. ಸಣ್ಣ ಸಂಖ್ಯೆಯಿಂದ ಹುಟ್ಟಿದ ಭಯವನ್ನು ದೊಡ್ಡ ಸಂಖ್ಯೆ ನಿವಾರಿಸಿತು.

ಅವಧಿಪೂರ್ವ ಹೆರಿಗೆಯ ಪ್ರಶ್ನೆ

ಮುಚ್ಚಿಡಬಾರದ ಇನ್ನೊಂದು ವಿಷಯವಿದೆ. ಭಾರತ ಹಾಗೂ ಆಫ್ರಿಕದ ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ 'ಪ್ರಾಮಿಸ್' ಅಧ್ಯಯನದಲ್ಲಿ, ಮೂರು ಔಷಧಿ ಸೇವಿಸಿದ ತಾಯಂದಿರ ಮಕ್ಕಳಲ್ಲಿ ಸೋಂಕು ಕೇವಲ ಶೇ. 0.5 ಇತ್ತು; ಜಿಡೋವುಡಿನ್ ಆಧಾರಿತ ಹಳೆಯ ಕ್ರಮದಲ್ಲಿ ಅದು ಶೇ. 1.8. ಆದರೆ ಜಿಡೋವುಡಿನ್ ಒಳಗೊಂಡ ಮೂರು ಔಷಧಿಗಳ ಗುಂಪಿನಲ್ಲಿ 2.5 ಕಿಲೋಗಿಂತ ಕಡಿಮೆ ತೂಕದ ಮಕ್ಕಳು ಶೇ. 23ರಷ್ಟಿದ್ದರೆ, ಹಳೆಯ ಕ್ರಮದಲ್ಲಿ ಶೇ. 12ರಷ್ಟಿದ್ದರು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳೂ ಹೆಚ್ಚಿದ್ದರು. ಆ ಅಧ್ಯಯನದಲ್ಲಿ ಬಳಸಿದ್ದು ಹಿಂದಿನ ತಲೆಮಾರಿನ ಔಷಧಿಗಳನ್ನು. ಭಾರತವೂ ಪಾಲ್ಗೊಂಡಿದ್ದ, 2021ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಡೊಲುಟೆಗ್ರಾವಿರ್ ಆಧಾರಿತ ಚಿಕಿತ್ಸೆಯು ಹೆರಿಗೆಯ ವೇಳೆಗೆ ವೈರಾಣುವನ್ನು ಎಫಾವಿರೆಂಜ್‌ಗಿಂತ ಚೆನ್ನಾಗಿ ಹತ್ತಿಕ್ಕಿತು.

ಇದರ ಅರ್ಥ, ಚಿಕಿತ್ಸೆ ಬಿಡಬೇಕೆಂದಲ್ಲ. ಗರ್ಭಿಣಿಯ ತೂಕ, ಹಿಮೋಗ್ಲೋಬಿನ್, ರಕ್ತದೊತ್ತಡ ಮತ್ತು ಮಗುವಿನ ಬೆಳವಣಿಗೆಯನ್ನು ತಪ್ಪದೆ ಪರಿಶೀಲಿಸಬೇಕೆಂದು. ಕಡಿಮೆ ತೂಕದ ಮಗುವನ್ನು ಆರೈಕೆಯಿಂದ ಬೆಳೆಸಬಹುದು; ಒಮ್ಮೆ ತಗಲಿದ ಎಚ್‌ಐವಿಯನ್ನು ತೊಡೆದುಹಾಕುವ ಔಷಧಿ ಇನ್ನೂ ಬಂದಿಲ್ಲ.

ತಾಯಂದಿರು ಗಮನಿಸಬೇಕಾದದ್ದು

* ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಡೊಲುಟೆಗ್ರಾವಿರ್ ಅನ್ನು ದೇಹ ಹೀರಿಕೊಳ್ಳದಂತೆ ಮಾಡುತ್ತವೆ. ಆದ್ದರಿಂದ ಇವುಗಳನ್ನು ನುಂಗುವ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಎಚ್‌ಐವಿ ಗುಳಿಗೆ ಸೇವಿಸಬೇಕು. ಊಟದೊಂದಿಗಾದರೆ ಒಟ್ಟಿಗೆ ಸೇವಿಸಬಹುದು. ಆಮ್ಲಪಿತ್ತದ ಔಷಧಿಗಳ ಬಗ್ಗೆಯೂ ವೈದ್ಯರನ್ನು ಕೇಳಿ.

* ಫೋಲಿಕ್ ಆಮ್ಲದ ಗುಳಿಗೆಯನ್ನು ಎಲ್ಲ ಗರ್ಭಿಣಿಯರಂತೆ ತಪ್ಪದೆ ಸೇವಿಸಿ.

* ಗುಳಿಗೆ ನುಂಗಿದ ಕೂಡಲೇ ವಾಂತಿಯಾದರೆ, ಮೈಮೇಲೆ ದದ್ದು ಎದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ತಾವಾಗಿಯೇ ಔಷಧಿ ನಿಲ್ಲಿಸಬೇಡಿ.

* 32ರಿಂದ 36ನೇ ವಾರದೊಳಗೆ ವೈರಾಣು ಪ್ರಮಾಣದ ಪರೀಕ್ಷೆ ಮಾಡಿಸಿಕೊಳ್ಳಿ. ಮಗುವಿಗೆ ಯಾವ ಔಷಧಿ, ಎಷ್ಟು ದಿನ ಎಂಬುದನ್ನು ಈ ಫಲಿತಾಂಶ ನೋಡಿ ನಿರ್ಧರಿಸುತ್ತಾರೆ.

* ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ಹೆರಿಗೆ ಬೇಕಿಲ್ಲ.

ಮಗು ಹುಟ್ಟಿದ ನಂತರ

ಸಾಮಾನ್ಯ ಅಪಾಯದ ಮಗುವಿಗೆ ಹುಟ್ಟಿದ ತಕ್ಷಣದಿಂದ 6 ವಾರಗಳ ಕಾಲ ಒಂದು ಔಷಧಿಯ ದ್ರಾವಣವನ್ನು ನೀಡಲಾಗುತ್ತದೆ. ತಾಯಿಯ ವೈರಾಣು ಪ್ರಮಾಣ ಹೆಚ್ಚಿದ್ದರೆ ಅಥವಾ ಸೋಂಕು ತಡವಾಗಿ ಪತ್ತೆಯಾಗಿದ್ದರೆ ಎರಡು ಔಷಧಿ ನೀಡಿ, ಅಗತ್ಯವಿದ್ದಲ್ಲಿ ಅವಧಿಯನ್ನೂ ಹೆಚ್ಚಿಸುತ್ತಾರೆ. ಇತರ ಸೋಂಕು ತಡೆಯಲು 6ನೇ ವಾರದಿಂದ ಕೋಟ್ರೈಮಾಕ್ಸಜೋಲ್ ಆರಂಭವಾಗುತ್ತದೆ.

ಮಗುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸಿ 6ನೇ ವಾರ, 6ನೇ ತಿಂಗಳು ಮತ್ತು 12ನೇ ತಿಂಗಳಲ್ಲಿ ಪರೀಕ್ಷೆಗೆ ಕಳುಹಿಸುತ್ತಾರೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಉಳಿಯಬಹುದಾದ್ದರಿಂದ ಅಂತಿಮ ನಿರ್ಣಯ 18ನೇ ತಿಂಗಳ ಪರೀಕ್ಷೆಯ ನಂತರವೇ. ಎದೆಹಾಲು ಮುಂದುವರಿದಿದ್ದರೆ, ಬಿಡಿಸಿದ ನಂತರವೂ ಪರೀಕ್ಷೆ ಅಗತ್ಯ. ಮೊದಲ ವರದಿ ಚೆನ್ನಾಗಿ ಬಂದಿತೆಂದು ಉಳಿದವನ್ನು ತಪ್ಪಿಸುವುದು ಸಲ್ಲದು.

ಮೊದಲ 6 ತಿಂಗಳು ಎದೆಹಾಲನ್ನಷ್ಟೇ ಉಣಿಸಬೇಕು. ಜೇನುತುಪ್ಪ, ಸಕ್ಕರೆ ನೀರು, ಹಸುವಿನ ಹಾಲು ಬೆರೆಸಿ ಕೊಡುವ ಪದ್ಧತಿ ಮಗುವಿನ ಕರುಳಿನ ಪದರಕ್ಕೆ ಹಾನಿ ಮಾಡಿ ಸೋಂಕಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಎದೆಹಾಲು ಕೊಡುವಷ್ಟು ಕಾಲವೂ, ಅನಂತರವೂ ತಾಯಿ ಗುಳಿಗೆ ಸೇವಿಸುತ್ತಲೇ ಇರಬೇಕು. ಬಾಣಂತನಕ್ಕೆಂದು ತವರಿಗೆ ಹೋಗುವವರು ಸಾಕಷ್ಟು ಗುಳಿಗೆ ಜೊತೆಗಿಟ್ಟುಕೊಂಡು, ಅಲ್ಲಿಗೆ ಹತ್ತಿರದ ಎಆರ್‌ಟಿ ಕೇಂದ್ರ ಯಾವುದೆಂದು ಮೊದಲೇ ಕೇಳಿಕೊಳ್ಳುವುದು ಲೇಸು. ಮನೆಯವರ ಕಣ್ಣಿಗೆ ಬೀಳಬಾರದೆಂದು ಗುಳಿಗೆ ತಪ್ಪಿಸುವ ಸಂದರ್ಭ ಬಂದರೆ ಆಪ್ತ ಸಮಾಲೋಚಕರ ನೆರವು ಪಡೆಯಬೇಕು.

ಕಾನೂನಿನ ರಕ್ಷಣೆ

ಸೆಪ್ಟೆಂಬರ್ 10, 2018ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆ ಹಾಗೂ ನಿಯಂತ್ರಣ) ಕಾಯ್ದೆ 2017ರ ಪ್ರಕಾರ, ಸೋಂಕಿನ ಕಾರಣದಿಂದ ಚಿಕಿತ್ಸೆ ನಿರಾಕರಿಸುವಂತಿಲ್ಲ. ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಆಪ್ತ ಸಮಾಲೋಚನೆ ಮತ್ತು ಔಷಧಿ ಉಚಿತ. ಮಾಹಿತಿಗೆ ರಾಷ್ಟ್ರೀಯ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಗರ್ಭಿಣಿಯ ಮೊದಲ ತಪಾಸಣೆಯಲ್ಲಿಯೇ ಎಚ್‌ಐವಿ ಪರೀಕ್ಷೆ ಆದರೆ ಮಗುವನ್ನು ಕಾಪಾಡಲು ಸಾಕಷ್ಟು ಸಮಯ ದೊರೆಯುತ್ತದೆ. ಸಂಶಯಗಳಿದ್ದರೆ ಗುಳಿಗೆಯ ಡಬ್ಬಿಯೊಂದಿಗೆ ವೈದ್ಯರ ಬಳಿ ಹೋಗಿ ಕೇಳಿ. ಉತ್ತರ ಸಿಗುವವರೆಗೂ ಆ ದಿನದ ಗುಳಿಗೆಯನ್ನು ಮಾತ್ರ ತಪ್ಪಿಸಬೇಡಿ.