ಕೊಪ್ಪರಿಗೆಯ ಸಾಗಣೆ ಮತ್ತು ಒಲೆಯ ಹದ

ಸಿಂಧನೂರು–ರಾಯಚೂರು ರಸ್ತೆಯಲ್ಲಿರುವ ಜವಳಗೇರಾ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮದುವೆ, ಉರುಸು, ಜಾತ್ರೆಗಳ ದಿನಗಳು ಸಮೀಪಿಸಿದವೆಂದರೆ ಶಾಮಿಯಾನ ಅಂಗಡಿಗಳ ಮುಂದೆ ಕೊಪ್ಪರಿಗೆಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ತಾಲ್ಲೂಕಿನ ಅಂಬಾಮಠದಲ್ಲಿ ಬನದ ಹುಣ್ಣಿಮೆಗೆ ಜರುಗುವ ಅಂಬಾದೇವಿ ಜಾತ್ರೆಯಾಗಲಿ, ನೆರೆಯ ಕೊಪ್ಪಳದ ಗವಿಮಠದ ಮಹಾದಾಸೋಹವಾಗಲಿ, ಸಾವಿರಾರು ಜನರಿಗೆ ಅನ್ನವಿಕ್ಕುವ ಕಾರ್ಯ ಅಡುಗೆಯವರ ಕೈಚಳಕವೊಂದರಿಂದಲೇ ಸಾಗದು. ಪಾತ್ರೆಯನ್ನು ಸುರಕ್ಷಿತವಾಗಿ ತಂದು ಕೂರಿಸುವುದು, ಒಲೆಯನ್ನು ಹದಕ್ಕೆ ತರುವುದು ಇವೆರಡೂ ಅಡುಗೆಗಿಂತ ಮೊದಲಿನ ಕೆಲಸಗಳು. ತಳ ಹಿಡಿದ ಅನ್ನ, ವಾಲಿದ ಪಾತ್ರೆ, ಸುಟ್ಟ ಕೈ ಇವುಗಳ ಮೂಲವನ್ನು ಹುಡುಕಿದರೆ ಬಹುಪಾಲು ಈ ಎರಡು ಹಂತಗಳ ಅವಸರವೇ ಎದುರಾಗುತ್ತದೆ.

ಲೋಹವನ್ನು ಅರಿಯುವುದು

ಬಾಡಿಗೆಗೆ ದೊರೆಯುವ ದೊಡ್ಡ ಪಾತ್ರೆಗಳಲ್ಲಿ ಇಂದು ಅಲ್ಯುಮಿನಿಯಂನವೇ ಅಧಿಕ. ಬಿರಿಯಾನಿಯ ದೇಗುಗಳಲ್ಲಿ ಮತ್ತು ಹಳೆಯ ಮಠ, ಮನೆತನಗಳಲ್ಲಿ ತಾಮ್ರದ ಪಾತ್ರೆಗಳು ಉಳಿದಿವೆ. ಒಂದೇ ಗಾತ್ರ, ಒಂದೇ ದಪ್ಪದ ಪಾತ್ರೆಗಳನ್ನು ಹೋಲಿಸಿದರೆ ತಾಮ್ರದ್ದು ಅಲ್ಯುಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಆದ್ದರಿಂದ ಟಂಟಂನಲ್ಲಿ ಸುಲಭವಾಗಿ ಬರುವ ಅಲ್ಯುಮಿನಿಯಂ ಪಾತ್ರೆಯ ಲೆಕ್ಕವನ್ನು ತಾಮ್ರದ ದೇಗಿಗೆ ಹಿಡಿಯುವಂತಿಲ್ಲ.

ತಾಮ್ರದ ಪಾತ್ರೆಯ ಒಳಮೈಗೆ ಕಲಾಯಿ ಇರಲೇಬೇಕು. ಹುಣಸೆ, ಮಜ್ಜಿಗೆ, ಟೊಮೆಟೊಗಳ ಹುಳಿ ತಾಮ್ರದೊಡನೆ ಬೆರೆತರೆ ಅಡುಗೆ ಕಿಲುಬು ಹಿಡಿದು ವಿಷವಾಗುತ್ತದೆ. ಕಲಾಯಿ ಎಂದರೆ ತವರದ ತೆಳು ಲೇಪ. ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಒರೆಸಿ ಹರಡಲಾಗುತ್ತದೆ. ತವರವು 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಲೋಹವೆಂಬುದು ಇಲ್ಲಿ ಮುಖ್ಯ. ಬರಿದಾದ ದೇಗನ್ನು ಉರಿಯ ಮೇಲಿಟ್ಟು ‘ಮೊದಲು ಚೆನ್ನಾಗಿ ಕಾಯಲಿ’ ಎಂದು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕಲಾಯಿ ಕರಗಿ ಬಿಂದುಗಟ್ಟುತ್ತದೆ. ನೀರು ಅಥವಾ ಎಣ್ಣೆ ಬಿದ್ದ ಬಳಿಕವೇ ಕೆಳಗೆ ಬೆಂಕಿ ಬೀಳಬೇಕು. ಮಿರ್ಚಿ, ಪೂರಿ ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೊಂಚ ಮೈಮರೆತರೂ ತವರ ಕರಗುವ ಮಟ್ಟಕ್ಕೆ ಏರುತ್ತದೆ. ಕರಿಯುವುದಕ್ಕೆ ಹಿರಿಯರು ಕಬ್ಬಿಣದ ಕಡಾಯಿಯನ್ನೇ ಮೀಸಲಿಟ್ಟಿದ್ದು ಸಕಾರಣವಾಗಿಯೇ ಇದೆ.

ಹೇರುವ ಮುನ್ನ ಪಾತ್ರೆಯ ಕಿವಿಗಳನ್ನೂ ಅವುಗಳ ರಿವೆಟ್‌ಗಳನ್ನೂ ಅಲುಗಿಸಿ ನೋಡತಕ್ಕದ್ದು. ಬರಿದಾಗಿರುವಾಗ ಭದ್ರವಾಗಿ ಕಾಣುವ ಕಿವಿ 100 ಲೀಟರ್ ಸಾಂಬಾರು ತುಂಬಿದಾಗ ನೂರು ಕಿಲೋಗ್ರಾಂಗೂ ಮೀರಿದ ಭಾರ ಹೊರಬೇಕಾಗುತ್ತದೆ. ಟ್ರೇಲರ್‌ನಲ್ಲಿ ಹುಲ್ಲು ಅಥವಾ ಗೋಣಿಚೀಲ ಹಾಸಿ, ಪಾತ್ರೆಗಳನ್ನು ಬೋರಲು ಹಾಕಿ ಹಗ್ಗ ಬಿಗಿಯುವುದು ರೂಢಿ. ಒಂದರೊಳಗೊಂದು ಇಳಿಸಿದಲ್ಲಿ ನಡುವೆ ಗೋಣಿ ಇರದಿದ್ದರೆ ಕುಲುಕಾಟಕ್ಕೆ ಬಿಗಿದುಕೊಂಡು, ಬಿಡಿಸಲು ಸುತ್ತಿಗೆಯೇ ಬೇಕಾಗುತ್ತದೆ. ಪಾತ್ರೆಗಳ ಮೇಲೆ ಆಳುಗಳನ್ನು ಕೂರಿಸಿಕೊಂಡು ಹೋಗುವ ಪರಿಪಾಠ ಮಾತ್ರ ನಿಲ್ಲಲೇಬೇಕು.

ಎರೆ ಭೂಮಿಯ ಮೇಲೆ ಒಲೆ

ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯ ಬಹುಭಾಗ ಎರೆ ಭೂಮಿ. ಒಣಗಿದಾಗ ಬಿರಿಯುವ, ನೀರುಂಡಾಗ ಉಬ್ಬಿ ಮೆತ್ತಗಾಗುವ ಮಣ್ಣು ಅದು. ಮೂರು ಕಲ್ಲಿನ ಒಲೆಯನ್ನು ನೇರವಾಗಿ ಇಂತಹ ನೆಲದ ಮೇಲೆ ಹೂಡಿದರೆ, ಅನ್ನ ಬಸಿದ ಗಂಜಿ, ಚೆಲ್ಲಿದ ನೀರು ಇಂಗಿ ಒಂದು ಕಲ್ಲು ಕುಸಿಯುತ್ತದೆ. ಪಾತ್ರೆ ವಾಲುವುದು ಅಡುಗೆ ಕುದಿಯುತ್ತಿರುವಾಗಲೇ. ಆದಕಾರಣ ಮೊದಲು ಗರಸು ಹಾಕಿ ದಮ್ಮಸ್ಸು ಮಾಡಿ, ಮಟ್ಟ ನೋಡಿ, ಆಮೇಲೆ ಕಲ್ಲು ಅಥವಾ ಕಬ್ಬಿಣದ ಒಲೆ ಇಡುವುದು ಕ್ಷೇಮ. ನೀರು ತುಂಬಿದ ಪಾತ್ರೆಯನ್ನು ಕೂರಿಸಿ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಮಟ್ಟ ನೋಡುವವರು ಜಾಣರು. ಕಾಲುವೆಯಿಂದ ಆಗತಾನೇ ಎತ್ತಿ ತಂದ ಹಸಿ ಕಲ್ಲು ಬೇಡ. ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯುವುದುಂಟು.

ಒಲೆಯ ಬಾಯಿ ಗಾಳಿ ಬೀಸುವ ಕಡೆಗಿದ್ದರೆ ಉರಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಆಷಾಢದ ಬಿರುಗಾಳಿಯಲ್ಲಿ ಜ್ವಾಲೆ ಪಾತ್ರೆಯ ಒಂದೇ ಮಗ್ಗುಲಿಗೆ ಹೊಡೆಯುವುದರಿಂದ ತಗಡಿನ ಮರೆ ಅವಶ್ಯ. ಶಾಮಿಯಾನದ ಬಟ್ಟೆಯ ಕೆಳಗೆ ಒಲೆ ಹೂಡಲೇಬಾರದು.

ಬಳ್ಳಾರಿ ಜಾಲಿಯ ಕೆಂಡ

ಸೌದೆಯಾಗಿ ಇಲ್ಲಿ ಹೇರಳವಾಗಿ ದೊರೆಯುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡವನ್ನು ಹೊಲದ ಪೀಡೆಯೆಂದು ರೈತರು ಶಪಿಸುತ್ತಾರಾದರೂ ಒಲೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಗಟ್ಟಿಯಾದ ಕಟ್ಟಿಗೆ, ಬಹುಹೊತ್ತು ಉಳಿಯುವ ಕೆಂಡ. ಕುತೂಹಲದ ಸಂಗತಿಯೆಂದರೆ, ಅಮೆರಿಕದ ಟೆಕ್ಸಾಸ್‌ನಲ್ಲಿ ಮಾಂಸವನ್ನು ಕೆಂಡ ಹಾಗೂ ಹೊಗೆಯಲ್ಲಿ ಬೇಯಿಸುವ ಬಾರ್ಬೆಕ್ಯೂಗೆ ಬಳಸುವ ಮೆಸ್ಕೀಟ್ ಕಟ್ಟಿಗೆಯೂ ಇದೇ ಕುಲದ ಮರದ್ದು. ಅಲ್ಲಿ ದಪ್ಪ ಉಕ್ಕಿನ ದೊಡ್ಡ ಹೊಗೆ ಒಲೆಗಳನ್ನು ಚಕ್ರದ ಟ್ರೇಲರ್ ಮೇಲೆ ಊರಿಂದೂರಿಗೆ ಎಳೆದೊಯ್ಯುತ್ತಾರೆ. ಮೊದಲು ಬರಿದಾದ ಒಲೆಯಲ್ಲಿ ಗಂಟೆಗಟ್ಟಲೆ ಬೆಂಕಿ ಮಾಡಿ, ದಟ್ಟ ಬಿಳಿ ಹೊಗೆ ಅಡಗಿ ತೆಳುವಾದ ಮೇಲೆ, ಒಳಗಿನ ಶಾಖ 107ರಿಂದ 135 ಡಿಗ್ರಿಯ ನಡುವೆ ನಿಂತ ಮೇಲಷ್ಟೇ ಮಾಂಸ ಇಡುತ್ತಾರೆ. ಬರಿದಾಗಿ ಕಾಯಿಸುವ ಆ ಕ್ರಮ ಉಕ್ಕಿಗೆ ಸಲ್ಲುತ್ತದೆ, ನಮ್ಮ ಕಲಾಯಿ ಪಾತ್ರೆಗೆ ಸಲ್ಲದು. ಆದರೆ ಹೊಗೆ ಅಡಗುವವರೆಗೆ ಕಾಯುವ ಅವರ ತಾಳ್ಮೆ ಇಲ್ಲಿಯೂ ಬೇಕಾದದ್ದು.

ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳಿಂದ ಉರಿ ಹಚ್ಚಿ, ಅದು ಹಿಡಿದ ಮೇಲೆ ಸೀಳಿದ ಒಣ ಜಾಲಿಯನ್ನು ಒಡ್ಡುವುದು ಕ್ರಮ. 100 ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಗೆ ತರಲು ಸುಮಾರು 29 ಮೆಗಾಜೂಲ್ ಶಾಖ ಬೇಕು. ಒಣ ಕಟ್ಟಿಗೆಯ ಒಂದು ಕಿಲೋಗ್ರಾಂನಲ್ಲಿ 15 ಮೆಗಾಜೂಲ್‌ನಷ್ಟು ಶಾಖವಿದ್ದರೂ ಬಯಲು ಒಲೆಯಲ್ಲಿ ಪಾತ್ರೆಗೆ ತಲಪುವುದು ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ಅಂದರೆ ಅನ್ನದ ಎಸರಿಗೇ 15ರಿಂದ 20 ಕಿಲೋಗ್ರಾಂ ಕಟ್ಟಿಗೆ ಹಿಡಿಯಬೇಕು. ಹಸಿ ಕಟ್ಟಿಗೆಯಾದರೆ ತನ್ನ ನೀರನ್ನು ಒಣಗಿಸಿಕೊಳ್ಳುವುದಕ್ಕೇ ಶಾಖವನ್ನು ಕಳೆದುಕೊಳ್ಳುತ್ತದೆ.

ಒಮ್ಮೆ ಕುದಿ ಬಂದ ನಂತರ ಎಷ್ಟೇ ಉರಿ ಹೆಚ್ಚಿಸಿದರೂ ನೀರಿನ ಶಾಖ ಏರದು; ಆವಿ ಹೆಚ್ಚೀತು, ತಳ ಸೀದೀತು. ಆ ಹೊತ್ತಿಗೆ ಕೊಳ್ಳಿಗಳನ್ನು ಹೊರಗೆಳೆದು ಕೆಂಡವನ್ನು ಹರಡುವುದೇ ನಿಜವಾದ ಹದ. ಬಿರಿಯಾನಿಗೆ ದಮ್ ಕಟ್ಟುವಾಗ ಮುಚ್ಚಳದ ಅಂಚಿಗೆ ಕಣಕ ಮೆತ್ತಿ, ಮೇಲೆಯೂ ಕೆಂಡ ಹರಡುವುದು ಇದೇ ತತ್ವದ ಮೇಲೆ: ಶಾಖ ಎಲ್ಲ ಕಡೆಯಿಂದಲೂ ಸಮನಾಗಿ, ನಿಧಾನವಾಗಿ ಇಳಿಯಬೇಕು.

ಬಿಸಿ ಪಾತ್ರೆಯನ್ನು ಹೊರುವುದು

ಎಲ್ಲಕ್ಕಿಂತ ಅಪಾಯಕಾರಿ ಹಂತ ಇದು. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದ ಎರಡನೆಯ ತರಗತಿಯ ಬಾಲಕಿ ಬಳಿಕ ಚಿಕಿತ್ಸೆ ಫಲಿಸದೆ ಮೃತಪಟ್ಟಳು. ನೆಲಮಟ್ಟದಲ್ಲಿರುವ ದೊಡ್ಡ ಪಾತ್ರೆಯ ಬಾಯಿ ಮಗುವಿನ ಎದೆಯೆತ್ತರಕ್ಕೂ ಬರುವುದಿಲ್ಲ. ಒಲೆಯ ಸುತ್ತ ಬಿದಿರು ಕಟ್ಟಿ ಅಡ್ಡ ಹಾಕುವುದು, ಇಳಿಸಿದ ಪಾತ್ರೆಗೆ ಕೂಡಲೇ ಮುಚ್ಚಳ ಮುಚ್ಚುವುದು ಅನಿವಾರ್ಯ. ತುಂಬಿದ ಪಾತ್ರೆಯನ್ನು ಊಟದ ಪಂಕ್ತಿಯ ನಡುವೆ ಹೊತ್ತೊಯ್ಯುವ ಬದಲು ಒಲೆಯ ಬಳಿಯಲ್ಲಿಯೇ ಬಕೆಟ್‌ಗಳಿಗೆ ತೋಡಿಕೊಳ್ಳಬೇಕು. ಸರಿಸಲೇಬೇಕಾದಲ್ಲಿ ಎರಡೂ ಕಿವಿಗಳಲ್ಲಿ ಗಟ್ಟಿ ಗಳ ತೂರಿಸಿ ನಾಲ್ವರು ಹಿಡಿದು, ಒಬ್ಬನ ಮಾತಿನಂತೆ ಏಕಕಾಲಕ್ಕೆ ಎತ್ತಬೇಕು. ದಾರಿಯನ್ನು ಮೊದಲೇ ತೆರವು ಮಾಡಿಸಿರಬೇಕು.

ಸುಟ್ಟ ಗಾಯಕ್ಕೆ ಹರಿಯುವ ತಂಪು ನೀರನ್ನು 20 ನಿಮಿಷ ಬಿಡುವುದೇ ಪ್ರಥಮ ಚಿಕಿತ್ಸೆ. ಟೂತ್‌ಪೇಸ್ಟ್, ಶಾಯಿ, ಎಣ್ಣೆಗಳನ್ನು ಬಳಿಯಬಾರದು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಒಲೆಗೇರಿಸುವ ಮೊದಲು ಹೊರಮೈಗೆ ಬೂದಿ ಬೆರೆಸಿದ ಮಣ್ಣು ಬಳಿದಿದ್ದರೆ ಮಸಿ ಸುಲಭವಾಗಿ ಬಿಡುತ್ತದೆ. ಕಾದ ಪಾತ್ರೆಗೆ ತಣ್ಣೀರು ಸುರಿಯದೆ ತಾನಾಗಿ ಆರಲು ಬಿಟ್ಟು ತೊಳೆದು, ಅಂಗಡಿಗೆ ಮರಳಿಸಬೇಕು. ಜಾಲಿಯ ಕೆಂಡ ಬೂದಿಯಡಿ ಮರುದಿನ ಬೆಳಗಿನವರೆಗೂ ಜೀವಂತವಾಗಿರುವುದುಂಟು. ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿದ ನಂತರವೇ ಒಲೆಯ ಗುಂಡಿಯನ್ನು ಮಣ್ಣಿನಿಂದ ಮುಚ್ಚಿಸತಕ್ಕದ್ದು.